ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾಗುವ ಕಾರು: ಫ್ಯಾನ್ ನೋಡದೆ ಇಂಜಿನ್ ಬಿಚ್ಚಲು ಒಪ್ಪಬೇಡಿ

ನಿಮ್ಮ ಕಾರು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯೇರಿ, ಹೆದ್ದಾರಿಗೆ ಬಿದ್ದ ಕೂಡಲೇ ತಾನಾಗಿ ತಣ್ಣಗಾಗುತ್ತಿದ್ದರೆ, ಮತ್ತು ಅಂಥ ಕಾರನ್ನು ನೋಡಿ ಸರ್ವೀಸ್ ಸೆಂಟರ್‌ನವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್) ಹೋಗಿದೆ ಎಂದರೆ, ದಯವಿಟ್ಟು ಎಸ್ಟಿಮೇಟ್‌ಗೆ ಸಹಿ ಹಾಕುವ ಮೊದಲು ಇದನ್ನು ಓದಿ. ರೇಡಿಯೇಟರ್ ಫ್ಯಾನ್ ತಿರುಗುವುದನ್ನು ಅವರು ನಿಮ್ಮ ಕಣ್ಣೆದುರು ತೋರಿಸಿದ್ದಾರೆಯೇ? ತೋರಿಸಿಲ್ಲವಾದರೆ ಸಹಿ ಹಾಕಬೇಡಿ. ನನ್ನಿಂದ ₹14,600 ಕಿತ್ತುಕೊಂಡು, ಮೇಲೆ ಇನ್ನೂ ₹42,000 ಕೀಳಲು ಕಾದು ಕುಳಿತಿದ್ದ ಜಾಗದಲ್ಲಿ ಒಬ್ಬರೂ ಆ ಫ್ಯಾನಿನ ಕಡೆ ತಿರುಗಿ ನೋಡಿರಲಿಲ್ಲ. ಕೆಟ್ಟಿದ್ದದ್ದು ₹350ರ ಒಂದು ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಹರಿಸುವ ಸ್ವಿಚ್.

ನನ್ನದು ವಾರಂಟಿ ಮುಗಿದಿರುವ ಚಿಕ್ಕ ಪೆಟ್ರೋಲ್ ಕಾರು. ಈಗಿನ ಅನೇಕ ಚಿಕ್ಕ ಕಾರುಗಳಂತೆ ಇದರಲ್ಲೂ ತಾಪಮಾನದ ಸೂಜಿ ಇಲ್ಲ. ಇಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಬಿಸಿಯಾದಾಗ ಕೆಂಪು ದೀಪ, ಅಷ್ಟೇ. ತವರುಮನೆ ತುಮಕೂರಿನಲ್ಲಿರುವುದರಿಂದ ಆ ರಸ್ತೆಯಲ್ಲಿ ನನ್ನ ಓಡಾಟ ಹೆಚ್ಚು. ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ ಹೇಗಿರುತ್ತದೆ ಎಂದು ಆ ಕಡೆ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಲಾರಿಗಳ ನಡುವೆ ನಿಂತಿದ್ದಾಗ ಮೊದಲು ಎಸಿಯಿಂದ ಬಿಸಿಗಾಳಿ ಬರತೊಡಗಿತು, ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿತು. ಹೇಗೋ ಪಕ್ಕಕ್ಕೆ ತಂದು ಇಂಜಿನ್ ಆರಿಸಿ, ಆರಿದ ಮೇಲೆ ಹೊರಟರೆ, ಪೀಣ್ಯ ಮೇಲ್ಸೇತುವೆ ಏರಿ ವೇಗ ಹಿಡಿದ ನಂತರ ಊರು ಮುಟ್ಟುವವರೆಗೂ ಏನೂ ತೊಂದರೆಯಾಗಲಿಲ್ಲ. ವಾಪಸು ಬರುವಾಗಲೂ ಹಾಗೆಯೇ ಆಯಿತು: ನೆಲಮಂಗಲದವರೆಗೆ ಆರಾಮ, ನಗರದ ದಟ್ಟಣೆಗೆ ಸಿಕ್ಕ ತಕ್ಷಣ ಕೆಂಪು ದೀಪ.

ಇದನ್ನು ಇಷ್ಟೇ ಸ್ಪಷ್ಟವಾಗಿ ಸರ್ವೀಸ್ ಅಡ್ವೈಸರ್‌ಗೆ ಹೇಳಿದೆ. ಹೇಳಿದೆ ಎಂಬುದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಅವರು ನಾನು ಹೇಳಲೇ ಇಲ್ಲ ಎಂದು ವಾದಿಸಿದರು. ನಿಂತಾಗ ಬಿಸಿ, ಓಡುವಾಗ ತಣ್ಣಗೆ ಎಂದು ನಾನು ಹೇಳಿದ್ದಕ್ಕೆ ಅವರು ಜಾಬ್ ಕಾರ್ಡ್‌ನಲ್ಲಿ ಬರೆದದ್ದು ‘ಓವರ್‌ಹೀಟಿಂಗ್’ ಎಂಬ ಒಂದೇ ಪದ. ಬರೆದು ತಲೆಯೆತ್ತಿ, “ಯಜಮಾನ್ರು ಬಂದಿಲ್ವಾ ಮೇಡಂ? ಅವ್ರ ನಂಬರ್ ಕೊಟ್ಟಿರಿ, ಟೆಕ್ನಿಕಲ್ ವಿಷಯ ಅವ್ರ ಹತ್ರ ಮಾತಾಡ್ತೀವಿ” ಎಂದರು. ಕಾರು ನನ್ನದು, ಓಡಿಸುವುದು ನಾನು, ದುಡ್ಡು ಕೊಡುವುದೂ ನಾನು ಎಂದು ಅಲ್ಲೇ ಹೇಳಿದೆ.

ಮೊದಲ ಬಾರಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರ್‌ಗೆ ದಾರಿ ತೆರೆಯುವ ವಾಲ್ವ್) ಮತ್ತು ವಾಟರ್ ಪಂಪ್ ಬದಲಾಯಿಸಿ, ಇಂಜಿನ್ ತಣಿಸುವ ದ್ರವವಾದ ಕೂಲೆಂಟ್ ಹೊಸದಾಗಿ ತುಂಬಿ ₹14,600 ಬಿಲ್ ಕೊಟ್ಟರು. ಹಳೆಯ ಭಾಗಗಳನ್ನು ಕೊಡಿ ಎಂದರೆ, “ಸ್ಕ್ರ್ಯಾಪ್‌ಗೆ ಹೋಯ್ತಲ್ಲ ಮೇಡಂ” ಎಂಬ ಉತ್ತರ. ಪಂಪ್ ಏಕೆ ಬದಲಾಯಿಸಿದಿರಿ ಎಂದು ಕೇಳಿದ್ದಕ್ಕೆ, ಗಾಡಿ ನಿಂತಾಗ ಇಂಜಿನ್ ನಿಧಾನವಾಗಿ ತಿರುಗುವುದರಿಂದ ಪಂಪ್ ಕೂಡ ನಿಧಾನವಾಗುತ್ತದೆ, ಹಳೆಯ ಪಂಪ್‌ಗೆ ಆಗ ತಳ್ಳುವ ಶಕ್ತಿ ಸಾಲುವುದಿಲ್ಲ ಎಂದು ವಿವರಿಸಿದರು. ಕೇಳಲು ಸರಿಯಾಗಿಯೇ ಇತ್ತು. ಟೆಸ್ಟ್ ಡ್ರೈವ್ ಮಾಡಿದ್ದೀರಾ ಎಂದರೆ, “ಬೆಳಿಗ್ಗೆ ಆರೂವರೆಗೆ ರಿಂಗ್ ರೋಡಲ್ಲಿ ಒಂದು ರೌಂಡ್ ಹಾಕಿದ್ವಿ, ಪರ್ಫೆಕ್ಟಾಗಿದೆ” ಎಂದರು. ಖಾಲಿ ರಸ್ತೆಯಲ್ಲಿ ವೇಗವಾಗಿ ಓಡಿಸಿದರೆ ಈ ಕಾರಿನಲ್ಲಿ ದೀಪ ಹತ್ತುವುದೇ ಇಲ್ಲ ಎಂಬುದೇ ನನ್ನ ದೂರು! ದೂರನ್ನು ಕೇಳಿಸಿಕೊಂಡವರು ಆರೂವರೆಗೆ ಏಕೆ ಓಡಿಸುತ್ತಾರೆ?

ಕಾರು ತಂದ ಮೇಲೆ ಅದೇ ಗೊರಗುಂಟೆಪಾಳ್ಯದಲ್ಲಿ ಅದೇ ಕೆಂಪು ದೀಪ. ಈ ಬಾರಿ ಸಹೋದ್ಯೋಗಿಯೊಬ್ಬರು ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡುವ ಚಿಕ್ಕ ಸಾಧನ ಕೊಟ್ಟಿದ್ದರು. ಅದರಲ್ಲಿ ಕೂಲೆಂಟ್ ತಾಪಮಾನ ಓಡುವಾಗ 90 ಡಿಗ್ರಿಯ ಆಸುಪಾಸಿನಲ್ಲಿತ್ತು. ಸಿಗ್ನಲ್‌ನಲ್ಲಿ ನಿಂತಾಗ 100 ದಾಟಿ, ಎಲ್ಲಿಯೂ ತಡೆಯದೆ 112ರವರೆಗೆ ಏರಿತು. ಅದರ ಸ್ಕ್ರೀನ್‌ಶಾಟ್ ತೋರಿಸಿದಾಗ ಅಡ್ವೈಸರ್ ಕೊಟ್ಟ ಉತ್ತರ: “ಅದೆಲ್ಲ ಚೈನಾ ಮಾಲು ಮೇಡಂ, ಅದನ್ನ ನಂಬಿದ್ರೆ ಗಾಡಿ ಓಡ್ಸೋಕಾಗಲ್ಲ. ನಮ್ಮ ಸ್ಕ್ಯಾನರ್ ಹಾಕಿದೀವಿ, ಒಂದೂ ಎರರ್ ಕೋಡ್ ಇಲ್ಲ. ಫ್ಯಾನ್, ವೈರಿಂಗ್ ಏನಾದ್ರೂ ಹೋಗಿದ್ರೆ ಕೋಡ್ ಬರ್ಲೇಬೇಕು. ಬಂದಿಲ್ಲ ಅಂದ್ರೆ ಎಲೆಕ್ಟ್ರಿಕಲ್ ಅಲ್ಲ, ಇಂಜಿನ್ ಒಳಗಿನ ಪ್ರಾಬ್ಲಂ. ಹೆಡ್ ಗ್ಯಾಸ್ಕೆಟ್ಟೇ.”

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಬಾಯಿ ಕಟ್ಟಿಸಿದ ಮಾತು ಇದೇ, ಮತ್ತು ನಾಳೆ ನಿಮ್ಮ ಬಾಯಿ ಕಟ್ಟಿಸುವುದೂ ಇದೇ. ಕೋಡ್ (ದೋಷ ಕಂಡಾಗ ಕಾರಿನ ಕಂಪ್ಯೂಟರ್ ದಾಖಲಿಸುವ ಸಂಕೇತ) ಇಲ್ಲವೆಂದರೆ ಫ್ಯಾನ್ ಸರಿಯಿದೆ ಎಂಬುದು ಶುದ್ಧ ತಪ್ಪು. ರಿಲೇ ಎಂದರೆ ಎರಡು ಭಾಗ: ಇಂಜಿನ್ನಿನ ಕಂಪ್ಯೂಟರ್ ಕೊಡುವ ಸಣ್ಣ ವಿದ್ಯುತ್ತಿನಿಂದ ಕೆಲಸ ಮಾಡುವ ಕಾಯಿಲ್ ಒಂದು, ಆ ಕಾಯಿಲ್ ಎಳೆದಾಗ ಕೂಡಿಕೊಂಡು ಬ್ಯಾಟರಿಯ ದೊಡ್ಡ ಕರೆಂಟನ್ನು ಫ್ಯಾನ್ ಮೋಟಾರಿಗೆ ಸಾಗಿಸುವ ಪಾಯಿಂಟ್‌ಗಳು ಇನ್ನೊಂದು. ಸಾಮಾನ್ಯವಾಗಿ ಕಂಪ್ಯೂಟರ್ ಗಮನಿಸುವುದು ಕಾಯಿಲ್ ಕಡೆಯ ಸರ್ಕ್ಯೂಟನ್ನು. ಅದು ತುಂಡಾದರೆ ಪಿ0480ರಂಥ ಕೋಡ್ ದಾಖಲಾಗುತ್ತದೆ. ಪಾಯಿಂಟ್‌ಗಳು ಸುಟ್ಟು ಹೋಗಿದ್ದರೆ ಕಾಯಿಲ್ ಮಾತ್ರ ‘ಟಕ್’ ಎಂದು ಸದ್ದು ಮಾಡುತ್ತದೆ, ಕಂಪ್ಯೂಟರ್ ಫ್ಯಾನ್ ಓಡುತ್ತಿದೆ ಎಂದೇ ತಿಳಿಯುತ್ತದೆ, ಫ್ಯಾನ್ ಮಾತ್ರ ಕದಲುವುದಿಲ್ಲ. ಮೋಟಾರಿನ ಬ್ರಷ್ ಸವೆದಿದ್ದರೂ, ಫ್ಯಾನಿನ ಫ್ಯೂಸ್ ಹೋಗಿದ್ದರೂ ಅನೇಕ ಕಾರುಗಳಲ್ಲಿ ಇದೇ ಕಥೆ. ಸ್ಕ್ಯಾನರ್ ಹಿಡಿದು ದಿನವಿಡೀ ಕೆಲಸ ಮಾಡುವವರಿಗೆ ಇದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ಗ್ಯಾಸ್ಕೆಟ್ ಹೋಗಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿದೆ. “ಅನುಭವ ಮೇಡಂ” ಎಂದರು. ಹೆಡ್ ಬಿಚ್ಚಿ, ಲೇತ್‌ಗೆ ಕಳಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಲು ₹42,000 ಎಂಬ ಎಸ್ಟಿಮೇಟ್ ಮುಂದಿಟ್ಟು, “ಹೀಗೇ ಓಡ್ಸಿದ್ರೆ ಇಂಜಿನ್ ಸೀಜ್ ಆಗತ್ತೆ, ಆಮೇಲೆ ಲಕ್ಷದ ಮಾತು, ನಮ್ಮನ್ನ ಕೇಳ್ಬೇಡಿ” ಎಂದು ಹೆದರಿಸಿದರು. ಪಕ್ಕದಲ್ಲಿ ಕಾದು ಕುಳಿತಿದ್ದ ಇತರ ಗ್ರಾಹಕರೆಲ್ಲ ನನ್ನನ್ನೇ ನೋಡುತ್ತಿದ್ದರು. ಹಠ ಮಾಡುವ, ಏನೂ ತಿಳಿಯದ ಹೆಂಗಸೊಬ್ಬಳು ಎಂಬ ಆ ನೋಟದ ಅವಮಾನ ಇನ್ನೂ ಹೋಗಿಲ್ಲ. ಸಹಿ ಹಾಕದೆ ಕಾರು ತೆಗೆದುಕೊಂಡು ಹೊರಟೆ.

ತುಮಕೂರಿನಲ್ಲಿ ಅಪ್ಪನಿಗೆ ಪರಿಚಯವಿರುವ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಸ್ಕ್ಯಾನರನ್ನೂ ತೆಗೆಯಲಿಲ್ಲ, ಸ್ಪ್ಯಾನರನ್ನೂ ತೆಗೆಯಲಿಲ್ಲ. ಬಾನೆಟ್ ಎತ್ತಿಸಿ, ಇಂಜಿನ್ ಚಾಲೂ ಮಾಡಿಸಿ, ಎಸಿ ಹಾಕಲು ಹೇಳಿ ನನ್ನನ್ನು ಮುಂದೆ ಕರೆದರು. “ನೋಡಮ್ಮ, ಎಸಿ ಹಾಕಿದ್ಮೇಲೆ ಈ ಫ್ಯಾನು ತಿರುಗ್ಬೇಕು. ತಿರುಗ್ತಾ ಇದ್ಯಾ?” ಇಲ್ಲ. ಎಸಿ ಕಂಪ್ರೆಸರ್ ಕೂಡಿಕೊಂಡ ಸದ್ದು ಕೇಳಿಸುತ್ತಿತ್ತು, ಫ್ಯಾನಿನ ರೆಕ್ಕೆಗಳು ನಿಂತಲ್ಲೇ ನಿಂತಿದ್ದವು. ಇಂಜಿನ್ ಆರಿಸಿ, ಫ್ಯೂಸ್ ಬಾಕ್ಸ್ ತೆರೆದು, ಫ್ಯಾನ್ ರಿಲೇ ಕಿತ್ತು, ಅದರ ಜಾಗದ ಎರಡು ಕಿಂಡಿಗಳಿಗೆ ಒಂದು ತುಂಡು ವೈರ್ ಸಿಕ್ಕಿಸಿದ ಕ್ಷಣದಲ್ಲೇ ಫ್ಯಾನ್ ಭರ್ರೆಂದು ಪೂರ್ತಿ ವೇಗದಲ್ಲಿ ತಿರುಗತೊಡಗಿತು. ಮೋಟಾರ್ ಸರಿಯಿದೆ, ವೈರಿಂಗ್ ಸರಿಯಿದೆ, ರಿಲೇ ಹೋಗಿದೆ. ಅದರ ಮುಚ್ಚಳ ಬಿಡಿಸಿ ಕಪ್ಪಾಗಿ ಸುಟ್ಟ ಪಾಯಿಂಟ್‌ಗಳನ್ನು ನನ್ನ ಅಂಗೈ ಮೇಲಿಟ್ಟು ತೋರಿಸಿದರು. ಬಾನೆಟ್ ಎತ್ತಿದಾಗಿನಿಂದ ಇಲ್ಲಿಯವರೆಗೆ ಹತ್ತು ನಿಮಿಷವೂ ಆಗಿರಲಿಲ್ಲ. ಎರಡು ಬಾರಿ ಕಾರನ್ನು ಒಳಗಿಟ್ಟುಕೊಂಡ ಅಷ್ಟು ದೊಡ್ಡ ವರ್ಕ್‌ಶಾಪ್‌ನಲ್ಲಿ ಒಬ್ಬರಿಗೂ ಎಸಿ ಹಾಕಿ ಮುಂದೆ ಬಂದು ನೋಡಬೇಕೆನ್ನಿಸಲಿಲ್ಲವಲ್ಲ ಎಂದು ನೆನೆದು ನನಗೆ ಮೈಯೆಲ್ಲ ಉರಿಯಿತು.

ಆ ರಿಲೇ ಹಿಡಿದುಕೊಂಡು ಸರ್ವೀಸ್ ಸೆಂಟರ್‌ಗೆ ಹೋದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. “ನಮ್ಮಲ್ಲಿದ್ದಾಗ ಫ್ಯಾನ್ ಓಡ್ತಿತ್ತು ಮೇಡಂ, ಆಮೇಲೆ ಹೋಗಿರ್ಬೇಕು.” ಓಡುತ್ತಿದ್ದರೆ 112 ಡಿಗ್ರಿ ಹೇಗಾಯಿತು? “ಹೊರಗಡೆ ಕೈ ಹಾಕ್ಸಿದ್ದೀರಿ, ಇನ್ಮೇಲೆ ನಮ್ಮ ಜವಾಬ್ದಾರಿ ಇಲ್ಲ.” ಬದಲಾಯಿಸಿದ ಪಂಪ್ ಕೆಟ್ಟಿತ್ತು ಎಂಬುದಕ್ಕೆ ಏನು ಆಧಾರ? “ಸಿಸ್ಟಮ್ಮಲ್ಲಿ ಬಿಲ್ ಕ್ಲೋಸ್ ಆಗಿದೆ, ಈಗ ಏನೂ ಮಾಡೋಕಾಗಲ್ಲ.” ಮ್ಯಾನೇಜರ್ ಬಂದು, ಅಡ್ವೈಸರ್ ಹುಡುಗ ಹೊಸಬ ಎಂದರು. ಹೊಸಬನಿಗೆ ಅನುಭವ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇದನ್ನು ಓದುತ್ತಿರುವವರು ಇಷ್ಟನ್ನು ಮಾಡಿ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಮಾಡುವುದು ಫ್ಯಾನ್ ಮಾತ್ರ. ಆದ್ದರಿಂದ ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್, ಅದರ ಫ್ಯೂಸ್, ರಿಲೇ, ಕನೆಕ್ಟರ್, ಮೋಟಾರ್, ಅದಾದ ಮೇಲೆ ತಾಪಮಾನದ ಸೆನ್ಸರ್ ಪರೀಕ್ಷಿಸಲು ಹೇಳಿ. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಓಡಲೇಬೇಕು; ಎಸಿ ಇಲ್ಲದೆಯೂ ಕೂಲೆಂಟ್ 95ರಿಂದ 105 ಡಿಗ್ರಿಯೊಳಗೆ ಎಲ್ಲೋ ಓಡತೊಡಗಬೇಕು. ಎರಡು ವೇಗದ ಫ್ಯಾನ್ ಇರುವ ಕಾರುಗಳಲ್ಲಿ ಕಡಿಮೆ ವೇಗದ ರೆಸಿಸ್ಟರ್ ಸುಟ್ಟು, ಹೆಚ್ಚು ವೇಗ ಮಾತ್ರ ಉಳಿದಿರುವುದೂ ಉಂಟು. ಇಂಜಿನ್ ಆರಿಸಿದ್ದರೂ ಫ್ಯಾನ್ ತಟ್ಟನೆ ತಿರುಗಬಹುದು, ಹತ್ತಿರ ಕೈ ಹಾಕಬೇಡಿ. ರಿಲೇ ಜಾಗಕ್ಕೆ ವೈರ್ ಸಿಕ್ಕಿಸುವ ಕೆಲಸವನ್ನು ಬಲ್ಲವರಿಗೇ ಬಿಡಿ.

ರಸ್ತೆಯಲ್ಲೇ ಕೆಂಪು ದೀಪ ಹತ್ತಿದರೆ ಎಸಿ ಆರಿಸಿ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸಾಧ್ಯವಾದಷ್ಟು ಬೇಗ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಮುಟ್ಟಲೇಬೇಡಿ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುವುದರಿಂದಲೇ ಒಳಗಿನದು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದರೆ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹೆಡ್ ಗ್ಯಾಸ್ಕೆಟ್ ನಿಜವಾಗಿಯೂ ಹೋಗಿರುವುದೂ ಉಂಟು, ಅದನ್ನು ಅಲ್ಲಗಳೆಯುತ್ತಿಲ್ಲ. ಆಗ ಸಾಮಾನ್ಯವಾಗಿ ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಬಹುದು, ಹೆದ್ದಾರಿಯಲ್ಲಿ ಏರು ಹತ್ತುವಾಗಲೂ ಬಿಸಿಯೇರುತ್ತದೆ. ರೇಡಿಯೇಟರ್‌ನಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯೊಂದಿದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಪೆಟ್ರೋಲ್ ಇಂಜಿನ್‌ನಲ್ಲಿ ಅದು ಹಳದಿಗೆ ತಿರುಗುತ್ತದೆ. ಅದನ್ನೂ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟನ್ನೂ ಮಾಡಿ, ಫಲಿತಾಂಶವನ್ನು ಬರೆದು ಕೊಡಿ ಎಂದು ಕೇಳಿ. ಅನುಭವ ಎನ್ನುವವರ ಎಸ್ಟಿಮೇಟನ್ನು ಅಲ್ಲೇ ಬಿಟ್ಟು ಬನ್ನಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರನ್ನು ನೀವು ಹೇಳಿದ ಪದಗಳಲ್ಲೇ ಬರೆಸಿ, ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು ಎಂಬುದನ್ನೂ ಅದರಲ್ಲೇ ಬರೆಸಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅದಾದ ಮೇಲೆ ಸರ್ವೀಸ್ ಸೆಂಟರ್‌ನಿಂದ ಕರೆ ಬಂದು, ಮುಂದಿನ ಸರ್ವೀಸ್‌ನಲ್ಲಿ ಲೇಬರ್ ಮೇಲೆ 10% ರಿಯಾಯಿತಿ, ಜೊತೆಗೆ ಉಚಿತ ವಾಟರ್ ವಾಶ್ ಕೊಡುತ್ತೇವೆ, ದೂರು ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳುವುದಿಲ್ಲ. ಪಂಪ್ ಮತ್ತು ಥರ್ಮೋಸ್ಟಾಟ್‌ಗೆ ಹಾಕಿದ ಹಣ ವಾಪಸು ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಜಾಬ್ ಕಾರ್ಡ್, ಬಿಲ್, ₹42,000ದ ಎಸ್ಟಿಮೇಟ್, ತಾಪಮಾನದ ಸ್ಕ್ರೀನ್‌ಶಾಟ್, ಸುಟ್ಟ ರಿಲೇ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.