ಲೆನ್ಸಿನದು ಸಾಕಾ, ಬಾಡಿಯದೂ ಬೇಕಾ? ಮೂರು ಜೋಡಿಗಳ ಹೋಲಿಕೆ

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇರುವವರು ಹೊಸ ಕ್ಯಾಮೆರಾ ನೋಡಲು ಹೋದರೆ ಈ ಪ್ರಶ್ನೆ ಬಂದೇ ಬರುತ್ತದೆ. ಲೆನ್ಸಿನಲ್ಲೇ ಸ್ಟೆಬಿಲೈಸೇಶನ್ (ಕೈ ಅಲುಗಾಟವನ್ನು ಸರಿಪಡಿಸುವ ವ್ಯವಸ್ಥೆ) ಇದೆ, ಬಾಡಿಯಲ್ಲೂ, ಅಂದರೆ ಕ್ಯಾಮೆರಾದಲ್ಲೂ ಇರಬೇಕಾ? ಎರಡೂ ಇದ್ದರೆ ಎರಡರಷ್ಟು ಲಾಭ ಇದೆಯಾ?

ನನ್ನ ಹತ್ತಿರ ಸೋನಿ ಎ6400 ಮತ್ತು ಎ6600 ಎರಡೂ ಇವೆ. ಎರಡೂ 2019ರಲ್ಲಿ ಬಂದವು, ಎರಡರಲ್ಲೂ 24 ಮೆಗಾಪಿಕ್ಸೆಲ್ ಎಪಿಎಸ್-ಸಿ (35 ಎಂಎಂ ಫಿಲ್ಮಿಗಿಂತ ಚಿಕ್ಕ) ಸೆನ್ಸರ್. ಎ6400 ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಎ6600ರಲ್ಲಿ ಇದೆ. ಹಾಗಾಗಿ ಮೂರು ಜೋಡಿ ಮಾಡಿಕೊಂಡೆ. ಎ6400ಕ್ಕೆ 70–350 ಜಿ ಓಎಸ್‌ಎಸ್ ಲೆನ್ಸ್ (ಓಎಸ್‌ಎಸ್ ಅಂದರೆ ಲೆನ್ಸಿನೊಳಗಿನ ಸ್ಟೆಬಿಲೈಸೇಶನ್) ಹಾಕಿದರೆ ಲೆನ್ಸಿನದು ಮಾತ್ರ ಕೆಲಸ ಮಾಡುತ್ತದೆ. ಎ6600ಕ್ಕೆ ಸ್ಟೆಬಿಲೈಸೇಶನ್ ಇಲ್ಲದ ಸಿಗ್ಮಾ 16 ಎಂಎಂ ಅಥವಾ ಫಿಲ್ಮ್ ಕಾಲದ ಹಳೇ 135 ಎಂಎಂ ಟಕುಮಾರ್ ಲೆನ್ಸ್ ಹಾಕಿದರೆ ಬಾಡಿಯದು ಮಾತ್ರ. ಎ6600ಕ್ಕೆ 70–350 ಹಾಕಿದರೆ ಎರಡೂ.

ಫಲಿತಾಂಶಕ್ಕೆ ಮೊದಲು ಒಂದು ಲೆಕ್ಕ ನೋಡಿ. ಕೈ ಅಲುಗುವುದು ಒಂದೇ ಥರ ಅಲ್ಲ. ಲೆನ್ಸಿನ ಮೂತಿ ಮೇಲೆ ಕೆಳಗೆ ಆಡುತ್ತದೆ, ಎಡಕ್ಕೆ ಬಲಕ್ಕೆ ಆಡುತ್ತದೆ. ಫ್ರೇಮೇ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಇಡೀ ಕ್ಯಾಮೆರಾ ಪಕ್ಕಕ್ಕೋ ಮೇಲಕ್ಕೋ ಸರಿಯುತ್ತದೆ. ಲೆನ್ಸಿನ ಮೂತಿ ಒಂದು ಡಿಗ್ರಿಯ ಹತ್ತರಲ್ಲಿ ಒಂದು ಪಾಲು ಆಡಿತು ಅಂದುಕೊಳ್ಳಿ. 16 ಎಂಎಂನಲ್ಲಿ ಚಿತ್ರ ಸೆನ್ಸರ್ ಮೇಲೆ ಸುಮಾರು 0.03 ಮಿಲಿಮೀಟರ್ ಜರುಗುತ್ತದೆ, ಅಂದರೆ ಏಳು ಪಿಕ್ಸೆಲ್. 350 ಎಂಎಂನಲ್ಲಿ ಅದೇ ಅಲುಗಾಟಕ್ಕೆ 0.6 ಮಿಲಿಮೀಟರ್ ಜರುಗುತ್ತದೆ. ನೂರೈವತ್ತಕ್ಕೂ ಹೆಚ್ಚು ಪಿಕ್ಸೆಲ್! ಅಷ್ಟು ದೂರ, ಅಷ್ಟು ಬೇಗ ಸೆನ್ಸರನ್ನು ಓಡಾಡಿಸುವುದು ಕಷ್ಟ. ಲೆನ್ಸಿನೊಳಗಿನ ಒಂದು ಗಾಜಿನ ಗುಂಪು ಸ್ವಲ್ಪ ಸರಿದರೆ ಸಾಕು, ಆ ಕೆಲಸ ಆಗಿಬಿಡುತ್ತದೆ.

ಹಕ್ಕಿಗಳಿಗೆ ಹೋಗಿದ್ದು ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ. ಅಲ್ಲಿ ಊರೊಳಗಿನ ಮರಗಳ ಮೇಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಬೆಳಗಿನ ಮಂದ ಬೆಳಕಲ್ಲಿ, 350 ಎಂಎಂನಲ್ಲಿ, ಅಲುಗಾಡದೆ ಕೂತ ಹೆಜ್ಜಾರ್ಲೆಯ ಫೋಟೋ. ಈ ಸೆನ್ಸರಿನಲ್ಲಿ 350 ಅಂದರೆ ಫುಲ್ ಫ್ರೇಮಿನ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) 525ಕ್ಕೆ ಸಮ. ಕೈಯಲ್ಲಿ ಹಿಡಿದು ತೆಗೆದರೆ ಶಟರ್ ವೇಗ ಸೆಕೆಂಡಿನ ಅಷ್ಟನೇ ಒಂದು ಪಾಲು ಇರಬೇಕು ಅನ್ನುವ ಹಳೇ ನಿಯಮದಂತೆ 1/500 ಬೇಕು. ಎ6400ರಲ್ಲಿ ಬರೀ ಲೆನ್ಸಿನ ಬಲದಲ್ಲಿ 1/60ರವರೆಗೆ ಧೈರ್ಯವಾಗಿ ಇಳಿಯಬಹುದು. ಎ6600ರಲ್ಲಿ ಎರಡೂ ಸೇರಿ 1/40ಕ್ಕೆ ಅಷ್ಟೇ ಭರವಸೆ ಸಿಕ್ಕಿತು. ಇದ್ದ ಫರಕು ಅಷ್ಟೇ. ಆ ಫರಕಿನಲ್ಲೂ ಒಂದು ಪಾಲು ಬಾಡಿಯ ತೂಕದ್ದು, ದಪ್ಪ ಹಿಡಿಯದ್ದು ಅಂತ ನನ್ನ ಅನಿಸಿಕೆ. ಎ6400 403 ಗ್ರಾಂ, ಎ6600 503 ಗ್ರಾಂ. 625 ಗ್ರಾಂ ಲೆನ್ಸಿಗೆ ಎರಡನೆಯದು ಕೈಯಲ್ಲಿ ಚೆನ್ನಾಗಿ ಕೂರುತ್ತದೆ.

ಫೋಟೋಗಳನ್ನು ದೊಡ್ಡದು ಮಾಡಿ ಮೂಲೆಗಳನ್ನು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಎ6400ರ ಕೆಲವು ಫ್ರೇಮಿನಲ್ಲಿ ನಡುವೆ ಹಕ್ಕಿಯ ಕಣ್ಣು ಚೊಕ್ಕವಾಗಿದೆ, ಮೂಲೆಯ ರೆಂಬೆ ಮಾತ್ರ ಬಳಿದ ಹಾಗಿದೆ. ಫೋಕಸ್ ತಪ್ಪಿದ್ದಲ್ಲ, ಫ್ರೇಮ್ ತಿರುಗಿದ್ದು. ಈ ತಿರುಗಾಟವನ್ನು ಯಾವ ಲೆನ್ಸಿನ ಸ್ಟೆಬಿಲೈಸೇಶನ್ನೂ ಸರಿ ಮಾಡಲಾರದು, ಸೆನ್ಸರೇ ತಿರುಗಬೇಕು. ಎ6600ರಲ್ಲಿ ಓಎಸ್‌ಎಸ್ ಲೆನ್ಸ್ ಹಾಕಿದರೆ ಮೂತಿಯ ಅಲುಗಾಟವನ್ನು ಲೆನ್ಸ್ ನೋಡಿಕೊಳ್ಳುತ್ತದೆ, ತಿರುಗುವುದು ಮತ್ತು ಸರಿಯುವುದು ಬಾಡಿಯ ಪಾಲಿಗೆ. ಕೆಲಸ ಹಂಚಿಕೊಳ್ಳುವುದೇ ಹೊರತು ಒಂದಕ್ಕೆ ಇನ್ನೊಂದು ಕೂಡುವುದಿಲ್ಲ. ಬಾಡಿಯದು ಐದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಶಟರನ್ನು ಎರಡು ಪಟ್ಟು ನಿಧಾನ ಮಾಡುವಷ್ಟು), ಲೆನ್ಸಿನದು ಇಷ್ಟು ಸ್ಟಾಪ್, ಒಟ್ಟು ಇಷ್ಟು ಅಂತ ಯಾರಾದರೂ ಅಂಗಡಿಯಲ್ಲಿ ಲೆಕ್ಕ ಹೇಳಿದರೆ ದಯವಿಟ್ಟು ನಂಬಬೇಡಿ.

ಬೇಲೂರಿನಲ್ಲಿ ಕಥೆ ಪೂರ್ತಿ ಬೇರೆ. ದೇವಸ್ಥಾನದ ನವರಂಗದ (ಕಂಬಗಳ ಒಳಮಂಟಪದ) ಒಳಗೆ ಕತ್ತಲು. ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಡೆದು ನುಣುಪು ಮಾಡಿದ ಬಳಪದ ಕಲ್ಲಿನ ಕಂಬಗಳು, ಒಂದೊಂದರ ಉಂಗುರಗಳೂ ಬಿಡಿಬಿಡಿಯಾಗಿ ಕಾಣಬೇಕು ಅಲ್ವಾ? 16 ಎಂಎಂ ಲೆನ್ಸ್, ಎಫ್/4 ಅಪರ್ಚರ್. ಎ6400ರಲ್ಲಿ ಇದಕ್ಕೆ ಯಾವ ಸಹಾಯವೂ ಇಲ್ಲ. 1/25ಕ್ಕಿಂತ ಕೆಳಗೆ ಹೋಗಲಾಗದೆ ಐಎಸ್‌ಒ 3200ಕ್ಕೆ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಏರಿದಷ್ಟೂ ಚಿತ್ರದಲ್ಲಿ ಕಾಳು ಹೆಚ್ಚು) ಏರಿತು. ಎ6600ರಲ್ಲಿ ಬಾಡಿಯೊಂದೇ 1/4 ಸೆಕೆಂಡನ್ನು ಹಿಡಿದು ನಿಲ್ಲಿಸಿತು, ಐಎಸ್‌ಒ 500ಕ್ಕೆ ಇಳಿಯಿತು. ಮೊದಲ ಫೋಟೋದಲ್ಲಿ ಕಲ್ಲಿನ ನೆರಳು ಭಾಗ ಬರೀ ಕಾಳುಕಾಳು. ಎರಡನೆಯದರಲ್ಲಿ ಕಂಬದ ಹೊಳಪಿನೊಳಗೆ ಎದುರಿನ ಬಾಗಿಲ ಬೆಳಕು ಬಿದ್ದಿದ್ದು ಕೂಡ ಕಾಣುತ್ತದೆ. ಇಲ್ಲಿ ಬಾಡಿಯ ಸ್ಟೆಬಿಲೈಸೇಶನ್‌ಗೆ ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ.

ಹಳೇ ಮ್ಯಾನ್ಯುಯಲ್ ಲೆನ್ಸ್ ಇಷ್ಟಪಡುವವರಿಗಂತೂ ಬಾಡಿಯದು ಬಿಟ್ಟರೆ ಗತಿಯಿಲ್ಲ. ಫಿಲ್ಮನ್ನು ಅಲುಗಾಡಿಸಲು ಆಗದ ಕಾಲದಲ್ಲಿ ಈ ತಂತ್ರ ಲೆನ್ಸಿನೊಳಗೆ ಬಂತು. ಕ್ಯಾನನ್‌ನ 75–300 ಐಎಸ್ ಬಂದಿದ್ದು 1995ರಲ್ಲಿ. ಸೆನ್ಸರನ್ನೇ ಸರಿಸುವ ಮೊದಲ ಡಿಎಸ್‌ಎಲ್‌ಆರ್ ಕೊನಿಕಾ ಮಿನೋಲ್ಟಾದ 7ಡಿ, 2004ರಲ್ಲಿ. ಟಕುಮಾರ್ ಅದಕ್ಕೂ ಮುಂಚಿನದು, ಕ್ಯಾಮೆರಾ ಜೊತೆ ಮಾತಾಡುವ ಸಂಪರ್ಕವೇ ಅದಕ್ಕಿಲ್ಲ. ಹಾಗಾಗಿ ಮೆನುವಿನ ಸ್ಟೆಡಿಶಾಟ್ (ಸ್ಟೆಬಿಲೈಸೇಶನ್‌ಗೆ ಸೋನಿ ಇಟ್ಟ ಹೆಸರು) ಸೆಟ್ಟಿಂಗ್‌ನಲ್ಲಿ 135 ಅಂತ ನಾವೇ ತುಂಬಬೇಕು. ಬೇಕಂತಲೇ 50 ಇಟ್ಟು ನೋಡಿದೆ. ಸ್ಟೆಬಿಲೈಸೇಶನ್ ಅರ್ಧಂಬರ್ಧ ಕೆಲಸ ಮಾಡಿತು. 300 ಇಟ್ಟರೆ ಫೈಂಡರಿನಲ್ಲಿ ಚಿತ್ರ ತಿರುಗುಮುರುಗಾಗಿ ಈಜಾಡುತ್ತದೆ. ಸರಿಯಾಗಿ 135 ಇಟ್ಟ ಕೂಡಲೇ ಚಿತ್ರ ನಿಂತಿತು, ಫೋಕಸ್ ರಿಂಗ್ ತಿರುಗಿಸಲು ಎಷ್ಟೋ ಸಲೀಸಾಯಿತು.

ವಿಡಿಯೋದಲ್ಲಿ ನಿಂತು ತೆಗೆದರೆ ಎರಡೂ ಸೇರಿದ್ದು ಚೆಂದ, ನಡೆಯುತ್ತಾ ತೆಗೆದರೆ ಮೂರೂ ಜೋಡಿಗೆ ಗಿಂಬಲ್ (ಕ್ಯಾಮೆರಾವನ್ನು ಸಮತೋಲನದಲ್ಲಿ ಹಿಡಿಯುವ ಮೋಟಾರಿನ ಹಿಡಿ) ಬೇಕು. ಹಾರುವ ಹಕ್ಕಿಗೆ 1/2000 ಇಟ್ಟಾಗ ಮೂರರಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹಕ್ಕಿಯ ರೆಕ್ಕೆಯನ್ನು ನಿಲ್ಲಿಸುವುದು ಶಟರ್ ಒಂದೇ.

ಹಾಗಾಗಿ ಬಜೆಟ್ ಬಿಗಿ ಇದ್ದು ಹಕ್ಕಿಗಳೇ ಮುಖ್ಯ ಅಂದರೆ ನಾನು ಎ6400 ಥರದ ಬಾಡಿಯನ್ನೇ ಹೇಳುತ್ತೇನೆ. ಉಳಿದ ದುಡ್ಡನ್ನು ಒಳ್ಳೆಯ ಸ್ಟೆಬಿಲೈಸ್ಡ್ ಟೆಲಿ ಲೆನ್ಸಿಗೆ ಹಾಕಿ. ದೇವಸ್ಥಾನ, ಮದುವೆ ಮನೆ, ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಅನ್ನುವವರು ಬಾಡಿಗೆ ಖರ್ಚು ಮಾಡಿ.

ಸೆಕೆಂಡ್ ಹ್ಯಾಂಡ್ ಮೈಕ್ರೋ ಫೋರ್ ಥರ್ಡ್ಸ್ (ಪ್ಯಾನಾಸೋನಿಕ್, ಒಲಿಂಪಸ್ ಇಬ್ಬರೂ ಬಳಸುವ ಚಿಕ್ಕ ಸೆನ್ಸರಿನ) ಕ್ಯಾಮೆರಾ ಕೊಳ್ಳುವವರು ಇನ್ನೊಂದು ಗಮನಿಸಿ. ಪ್ಯಾನಾಸೋನಿಕ್ ಲೆನ್ಸ್ ಒಲಿಂಪಸ್ ಬಾಡಿಗೆ ಸುಮ್ನೆ ಕೂರುತ್ತದೆ, ಆದರೆ ಲೆನ್ಸಿನದನ್ನೂ ಬಾಡಿಯದನ್ನೂ ಜೊತೆಗೂಡಿಸುವ ಪ್ಯಾನಾಸೋನಿಕ್‌ನ ಡ್ಯುಯಲ್ ಐಎಸ್ ಆಗಲಿ ಒಲಿಂಪಸ್‌ನ ಸಿಂಕ್ ಐಎಸ್ ಆಗಲಿ ಆ ಮಿಶ್ರ ಜೋಡಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದು ಸಲಕ್ಕೆ ಒಂದನ್ನೇ ಆನ್ ಮಾಡಿ. ಟೆಲಿಗೆ ಲೆನ್ಸಿನದು, ವೈಡ್‌ಗೆ ಬಾಡಿಯದು.