ಚಿಕ್ಕಮಗಳೂರಿನಿಂದ ದೇವನಹಳ್ಳಿಗೆ: ಬಸ್ಸು, ವಾಯುವಜ್ರ ಮತ್ತು ವಿಮಾನ

ಚಿಕ್ಕಮಗಳೂರಿನಲ್ಲಿ ನೆಲೆಸಿ ಕೆಲಸದ ನಿಮಿತ್ತ ವರ್ಷದಲ್ಲಿ ಹಲವು ಬಾರಿ ದೆಹಲಿಗೆ ಹೋಗಿಬರುವ ನನಗೆ ವಿಮಾನ ಪ್ರಯಾಣಕ್ಕಿಂತ ವಿಮಾನ ನಿಲ್ದಾಣದವರೆಗಿನ ಪ್ರಯಾಣವೇ ದೊಡ್ಡದು. ಬೆಂಗಳೂರಿನಿಂದ ದೆಹಲಿಗೆ ಮೂರು ಗಂಟೆ ಸಾಕಾದರೆ, ಊರಿನಿಂದ ದೇವನಹಳ್ಳಿ ಸೇರಲು ಏಳು ಗಂಟೆಯನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು. 2008ರ ಮೇ ತಿಂಗಳಲ್ಲಿ ನಗರದ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಸ್ಥಳಾಂತರಗೊಂಡ ಮೇಲೆ, ನೆಲಮಂಗಲದ ಕಡೆಯಿಂದ ನಗರದೊಳಗೆ ಬರುವ ಮಲೆನಾಡಿನವರು ಮೆಜೆಸ್ಟಿಕ್‌ವರೆಗೆ ಇಳಿದು, ಮತ್ತೆ ಉತ್ತರಕ್ಕೆ ಹತ್ತಬೇಕಾದ ಸುತ್ತುದಾರಿ ನಮ್ಮ ಪಾಲಿಗೆ ಬಂತು. ಇಷ್ಟು ವರ್ಷದ ಬಳಕೆಯ ನಂತರ ನನ್ನ ಅಭಿಪ್ರಾಯ ಇಷ್ಟೇ: ಊರಿನಿಂದ ಬೆಂಗಳೂರಿಗಿರುವ ಸುಮಾರು 240 ಕಿಲೋಮೀಟರ್ ತೊಂದರೆಯಲ್ಲ, ನಗರದೊಳಗಿನ ಕೊನೆಯ ಹಾದಿಯೇ ವಿಮಾನ ಸಿಗುವುದೋ ತಪ್ಪುವುದೋ ಎಂಬುದನ್ನು ನಿರ್ಧರಿಸುತ್ತದೆ.

ಊರಿನ ಬಸ್ಸುಗಳ ಬಗ್ಗೆ ದೂರುವುದು ಹೆಚ್ಚಿಲ್ಲ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮಾರ್ಗದಲ್ಲಿ ಹಾಸನದಿಂದಾಚೆಗೆ ಚತುಷ್ಪಥ ರಸ್ತೆ ಇರುವುದರಿಂದ ರಾತ್ರಿ ಹೊತ್ತು ಬಸ್ಸು ಸರಾಗವಾಗಿ ಸಾಗುತ್ತದೆ. ಕೆಎಸ್ಆರ್‌ಟಿಸಿಯ ಕೆಂಪು ಬಸ್ಸು, ರಾಜಹಂಸ, ಈಚಿನ ವಿದ್ಯುತ್ ಬಸ್ಸು ಎಲ್ಲವನ್ನೂ ಬಳಸಿದ್ದೇನೆ. ವಿದ್ಯುತ್ ಬಸ್ಸಿನಲ್ಲಿ ಎಂಜಿನ್ನಿನ ಗದ್ದಲವಿಲ್ಲದ ಕಾರಣ ನಿದ್ದೆ ಹತ್ತುತ್ತದೆ, ಮರುದಿನ ಸಭೆಗೆ ಕೂರಬೇಕಾದವನಿಗೆ ಅದು ಸಣ್ಣ ಅನುಕೂಲವಲ್ಲ. ಮನೆಯ ಹೆಂಗಸರು ಜೊತೆಗಿದ್ದರೆ ಕೆಂಪು ಬಸ್ಸಿನಲ್ಲಿ ಅವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಉಂಟು. ರಾಜಹಂಸ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.

ಬೆಳಗಿನ ವಿಮಾನಕ್ಕೆ ಹಿಂದಿನ ರಾತ್ರಿ ಹತ್ತರ ಆಸುಪಾಸಿನ ಬಸ್ಸೇ ಸರಿ. ನಸುಕಿನ ಮೂರು, ಮೂರೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಬಿಎಂಟಿಸಿ ನಿಲ್ದಾಣಕ್ಕೆ ದಾಟಿದರೆ ಕೆಐಎ-9 ಮಾರ್ಗದ ವಾಯುವಜ್ರ, ಅಂದರೆ ವಿಮಾನ ನಿಲ್ದಾಣಕ್ಕೆ ಹೋಗುವ ಬಿಎಂಟಿಸಿ ಬಸ್ಸು, ಸಿಗುತ್ತದೆ. ಬಾಗಿಲಿನ ಹತ್ತಿರವೇ ಸಾಮಾನಿಡಲು ಕಂಬಿಗಳ ಅಟ್ಟಣೆ ಇರುತ್ತದೆ. ಸೂಟ್‌ಕೇಸನ್ನು ಚಕ್ರ ಕೆಳಗಾಗಿ ನಿಲ್ಲಿಸಿದರೆ ಮೇಖ್ರಿ ವೃತ್ತದ ತಿರುವಿನಲ್ಲಿ ಅದು ತಾನಾಗಿ ಹೊರಗೆ ಉರುಳುತ್ತದೆ, ಮಲಗಿಸಿಡುವುದೇ ಕ್ಷೇಮ. ಆ ಹೊತ್ತಿನಲ್ಲಿ ಒಂದು ಗಂಟೆಯೊಳಗೆ ನಿಲ್ದಾಣ ತಲುಪುತ್ತೇವೆ. ಕಂಡಕ್ಟರ್ ಟರ್ಮಿನಲ್ ಯಾವುದೆಂದು ಕೇಳುವ ಮೊದಲೇ ಟಿಕೆಟ್ ನೋಡಿಕೊಂಡಿರಬೇಕು. 2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್ಲಿಗೆ ಹೋಗಿವೆ, ಆದರೆ ಕೆಲವು ದೇಶೀಯ ಸಂಸ್ಥೆಗಳೂ ಅಲ್ಲಿಂದಲೇ ಹಾರುತ್ತವೆ.

ಇದೇ ಹಾದಿ ಸಂಜೆಯ ವಿಮಾನಕ್ಕೆ ಬೇರೆಯೇ ಆಗುತ್ತದೆ. ಹಗಲಿನಲ್ಲಿ ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯದವರೆಗೆ ಬಸ್ಸು ತೆವಳುತ್ತದೆ, ಯಶವಂತಪುರದಲ್ಲಿ ನಿಲ್ಲುತ್ತದೆ, ಅಷ್ಟೂ ಸಹಿಸಿ ಮೆಜೆಸ್ಟಿಕ್ ಸೇರಿದ ಮೇಲೆ ಹೆಬ್ಬಾಳದ ವಾಹನದಟ್ಟಣೆ ಕಾದಿರುತ್ತದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ವಿಸ್ತರಣೆಯಾದ ಮೇಲೆ ನಾನು ಕಂಡಕ್ಟರಿಗೆ ಮೊದಲೇ ಹೇಳಿ ಅಲ್ಲಿಯೇ ಇಳಿದು ಮೆಜೆಸ್ಟಿಕ್‌ಗೆ ಮೆಟ್ರೋ ಹಿಡಿಯುತ್ತೇನೆ. ದೊಡ್ಡ ಸೂಟ್‌ಕೇಸಿಗೆ ಅಲ್ಲಿ ಪ್ರತ್ಯೇಕ ಶುಲ್ಕ ಕೇಳಬಹುದು, ಕೊಟ್ಟರೂ ನಷ್ಟವಿಲ್ಲ. ಸಾಮಾನು ಕಡಿಮೆಯಿದ್ದರೆ ಗೊರಗುಂಟೆಪಾಳ್ಯದಲ್ಲಿ ಇಳಿದು ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋಗಿ ಅಲ್ಲಿ ವಾಯುವಜ್ರ ಹತ್ತುವುದೂ ಒಂದು ದಾರಿ. ಆದರೆ ಮಳೆಯಲ್ಲಿ, ಅದೂ ಚೀಲ ಹೊತ್ತುಕೊಂಡು, ಹೆಬ್ಬಾಳದ ರಸ್ತೆ ದಾಟುವುದನ್ನು ಹಿರಿಯರಿಗೆ ಶಿಫಾರಸು ಮಾಡಲಾರೆ.

ಖಾಸಗಿ ಸ್ಲೀಪರ್ ಬಸ್ಸುಗಳನ್ನು ಹಬ್ಬದ ದಿನಗಳಲ್ಲಿ ಮಾತ್ರ ಬಳಸುತ್ತೇನೆ. ಒಮ್ಮೆ ಒಂದು ಬಸ್ಸಿನವರು ಮೆಜೆಸ್ಟಿಕ್ ಎಂದು ಟಿಕೆಟ್ ಕೊಟ್ಟು, ತಡವಾಯಿತೆಂಬ ನೆಪದಲ್ಲಿ ನಮ್ಮನ್ನೆಲ್ಲ ನಸುಕಿನಲ್ಲೇ ಯಶವಂತಪುರದಲ್ಲಿ ಇಳಿಸಿ ಹೊರಟುಹೋದರು. ವಿಮಾನ ಹಿಡಿಯುವ ದಿನ ಅಂಥ ಸಾಹಸ ಬೇಡ.

ಬೇರೆ ವಿಮಾನ ನಿಲ್ದಾಣಗಳ ಮಾತನ್ನು ಹಲವರು ಎತ್ತುತ್ತಾರೆ. ಶಿವಮೊಗ್ಗದ ಸೋಗಾನೆಯಿಂದ 2023ರ ಆಗಸ್ಟ್ 31ರಂದು ಹಾರಾಟ ಆರಂಭವಾಯಿತು. ತರೀಕೆರೆ, ಭದ್ರಾವತಿ ಮೇಲೆ ಹೋದರೆ ನಮಗೆ ದೂರವೂ ಕಡಿಮೆ. ಆದರೆ ವಿಮಾನಗಳು ಬೆರಳೆಣಿಕೆಯವು, ನಮ್ಮ ವೇಳೆಗೆ ಹೊಂದುವುದು ಅಪರೂಪ. ಮಂಗಳೂರಿಗೆ ಚಾರ್ಮಾಡಿ ಘಾಟಿ ಇಳಿಯಬೇಕು. 2019ರ ಆಗಸ್ಟ್‌ನ ಭೂಕುಸಿತದ ನಂತರ ಅಲ್ಲಿ ತಿಂಗಳುಗಟ್ಟಲೆ ಬಸ್ಸು ಓಡಾಡದಿದ್ದುದನ್ನು ಕಂಡವರು ಮಳೆಗಾಲದಲ್ಲಿ ಆ ದಾರಿಯನ್ನು ನಂಬಿ ಟಿಕೆಟ್ ಮಾಡಿಸುವುದಿಲ್ಲ. ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಸುದ್ದಿಯನ್ನು ಕೇಳುತ್ತ ಕೇಳುತ್ತ ನಮ್ಮ ತಲೆ ನರೆತಿದೆ.

ಊರಿನಿಂದ ಹೊರಡುವವರ ಚೀಲದಲ್ಲಿ ಕಾಫಿಪುಡಿ ಮತ್ತು ಜೇನುತುಪ್ಪ ಇದ್ದೇ ಇರುತ್ತವೆ. ಜೇನು ದ್ರವವೆಂದೇ ಲೆಕ್ಕ. ಅಂತಾರಾಷ್ಟ್ರೀಯ ವಿಮಾನಗಳಲ್ಲಿ 100 ಮಿಲಿಲೀಟರ್ ಮೀರಿದ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಬಸ್ಸಿನ ಡಿಕ್ಕಿಯಲ್ಲಿಟ್ಟ ಸೂಟ್‌ಕೇಸಿಗೆ ಧೂಳು ಮೆತ್ತುವುದರಿಂದ ಗೋಣಿಚೀಲದ ಹೊದಿಕೆ ಹಾಕಿ, ಮೆಜೆಸ್ಟಿಕ್‌ನಲ್ಲಿ ಬಿಚ್ಚಿಕೊಳ್ಳುವುದು ನನ್ನ ರೂಢಿ.

ಮರಳುವಾಗ ಬಸ್ಸಿಗೆ ಮುಂಗಡ ಟಿಕೆಟ್ ಮಾಡಿಸುವುದನ್ನು ನಿಲ್ಲಿಸಿದ್ದೇನೆ. ವಿಮಾನ ಅರ್ಧ ಗಂಟೆ ತಡವಾದರೂ, ಬೆಲ್ಟಿನ ಮೇಲೆ ಸಾಮಾನು ಬರುವುದು ನಿಧಾನವಾದರೂ ಬಸ್ಸು ಕಾಯುವುದಿಲ್ಲ. ಮೆಜೆಸ್ಟಿಕ್ ತಲುಪಿದ ಮೇಲೆ ಚಿಕ್ಕಮಗಳೂರಿನ ನೇರ ಬಸ್ಸು ಇದ್ದರೆ ಸರಿ, ಇಲ್ಲವಾದರೆ ಹಾಸನದ ಯಾವುದಾದರೂ ಬಸ್ಸು ಹತ್ತುತ್ತೇನೆ. ಮಂಗಳೂರು, ಧರ್ಮಸ್ಥಳದ ಬಸ್ಸುಗಳೂ ಹಾಸನವನ್ನು ಮುಟ್ಟುವುದರಿಂದ ರಾತ್ರಿಯಲ್ಲೂ ಹೆಚ್ಚು ಕಾಯಬೇಕಾಗಿಲ್ಲ. ಹತ್ತುವ ಮುನ್ನ ಬಸ್ಸು ಹಾಸನದ ನಿಲ್ದಾಣದ ಒಳಗೆ ಹೋಗುತ್ತದೆಯೋ, ಬೈಪಾಸಿನಲ್ಲೇ ಇಳಿಸುತ್ತದೆಯೋ ಎಂದು ಕಂಡಕ್ಟರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಬೈಪಾಸಿನಲ್ಲಿ ಇಳಿದರೆ ಆ ಹೊತ್ತಿಗೆ ನಿಲ್ದಾಣಕ್ಕೆ ಹೋಗಲು ಆಟೋದವರು ಕೇಳಿದ್ದೇ ದರ.