ಬ್ಲೂಮ್ಸ್‌ಬರಿಯೋ, ಮ್ಯಾಡ್ರಿಡ್‌ನ ಅಕ್ಷರಗಳ ಕೇರಿಯೋ?

ಸಾಹಿತಿಗಳು ಬಾಳಿದ ಕೇರಿ ಸುತ್ತೋಕೆ ಲಂಡನ್, ಮ್ಯಾಡ್ರಿಡ್ ಎರಡರಲ್ಲಿ ಒಂದಕ್ಕೆ ಮಾತ್ರ ರಜೆ, ದುಡ್ಡು ಸಾಕಾಗುತ್ತೆ ಅಂದರೆ ನನ್ನ ಓಟು ಮ್ಯಾಡ್ರಿಡ್‌ಗೆ.

ಅಲ್ಲಿನ 'ಬಾರಿಯೊ ದೆ ಲಾಸ್ ಲೆತ್ರಾಸ್' ಅಂದರೆ ಅಕ್ಷರಗಳ ಕೇರಿ. ವೆರ್ತಾಸ್ ಬೀದಿಯ ನೆಲದಲ್ಲೇ ಹಳೆಯ ಸಾಹಿತಿಗಳ ಸಾಲುಗಳನ್ನು ಲೋಹದ ಅಕ್ಷರಗಳಲ್ಲಿ ಕೂರಿಸಿದ್ದಾರೆ. ತಲೆ ಬಗ್ಗಿಸಿ ಓದುತ್ತಾ ನಡೆಯಬಹುದು. ನಾಟಕಕಾರ ಲೋಪೆ ದೆ ವೇಗ 1610ರಿಂದ 1635ರಲ್ಲಿ ಸಾಯುವವರೆಗೆ ಇದ್ದ ಮನೆ ಈಗ ಮ್ಯೂಸಿಯಂ. ಹಿತ್ತಲಲ್ಲಿ ಪುಟ್ಟ ತೋಟ, ಬಾವಿ. ಟಿಕೆಟ್ ಇಲ್ಲ, ಮೊದಲೇ ಬುಕ್ ಮಾಡಬೇಕು ಅಷ್ಟೆ. ಆ ಮನೆ ಇರುವುದು 'ಡಾನ್ ಕ್ವಿಕ್ಸೋಟ್' ಬರೆದ ಸೆರ್ವಾಂಟಿಸ್ ಹೆಸರಿನ ಬೀದಿಯಲ್ಲಿ. ಸೆರ್ವಾಂಟಿಸ್‌ನನ್ನು ಮಣ್ಣು ಮಾಡಿದ ಕ್ರೈಸ್ತ ಸನ್ಯಾಸಿನಿಯರ ಮಠ ಇರುವುದು ಲೋಪೆ ದೆ ವೇಗ ಬೀದಿಯಲ್ಲಿ! ಬದುಕಿದ್ದಾಗ ಇಬ್ಬರಿಗೂ ಅಷ್ಟಕ್ಕಷ್ಟೆ.

ಲಂಡನ್ನಿನ ಬ್ಲೂಮ್ಸ್‌ಬರಿ ಹೆಚ್ಚು ಹರಡಿಕೊಂಡಿದೆ, ನಡಿಗೆ ಜಾಸ್ತಿ. ಡೌಟಿ ಸ್ಟ್ರೀಟಿನಲ್ಲಿ ಕಾದಂಬರಿಕಾರ ಡಿಕನ್ಸ್ ಇದ್ದ ಮನೆಗೆ ಟಿಕೆಟ್ ಬೇಕು, ಬ್ರಿಟಿಷ್ ಮ್ಯೂಸಿಯಂ ಉಚಿತ. ಟ್ಯಾವಿಸ್ಟಾಕ್ ಚೌಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಗಾಂಧೀಜಿ ಪ್ರತಿಮೆ, ಅದೇ ಪಾರ್ಕಿನಲ್ಲಿ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಪ್ರತಿಮೆ. ಅಲ್ಲಿ ಸುಮ್ನೆ ಕೂತರೂ ಸಾಕು.

ಸ್ಪ್ಯಾನಿಷ್ ಬಾರದವರಿಗೆ ಮ್ಯಾಡ್ರಿಡ್‌ನ ನೆಲದ ಸಾಲುಗಳು ಅರ್ಥವಾಗುವುದಿಲ್ಲ, ನಿಜ. ಇಂಗ್ಲಿಷ್ ಕಾದಂಬರಿ ಓದಿ ಬೆಳೆದವರು ಬ್ಲೂಮ್ಸ್‌ಬರಿಗೇ ಹೋಗಿ. ವೀಸಾ ಮಾತ್ರ ನೆನಪಿರಲಿ: ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ.